ಒಳಗೆ ಹಾಕಿಸಿಕೊಂಡ ಬರೆ

ಕೆರೆಬಿಳಚಿಯ ನಮ್ಮಣ್ಣ ಕಾಮಾಲೆಗೆ ಬರೆ ಹಾಕುತ್ತಿದ್ದ. ಭಾನುವಾರ ಬೆಳಿಗ್ಗೆ ಅರಿಶಿನದ ಕೊಂಬನ್ನು ಕೆಂಡದಲ್ಲಿ ಕಾಯಿಸಿ, ಬಂದವರ ಮುಂಗೈ ಹಿಡಿದು, ಹೆಬ್ಬೆರಳಿನಿಂದ ನರವನ್ನು ಪಕ್ಕಕ್ಕೆ ಸರಿಸಿ, ಚುರ್ ಎನ್ನಿಸುತ್ತಿದ್ದ. ಅವನದು ಒಂದೇ ಕಟ್ಟುಪಾಡು: ಹೊರಡುವಾಗ ಯಾರೂ ‘ಬರ್ತೀನಿ’ ಅನ್ನಬಾರದು. ಅಂದರೆ ರೋಗವೂ ವಾಪಸು ಬರುತ್ತದಂತೆ. ನನಗೆ ಇದರಲ್ಲಿ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಹೊನ್ನಾಳಿಗೆ ಮದುವೆಯಾಗಿ ಬಂದ ಮೇಲೂ ಇದನ್ನು ಬಿಡು ಎಂದು ಬಾಯಿ ನೋಯುವಷ್ಟು ಹೇಳಿದೆ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕಳೆದ ವರ್ಷ ಅವನ ಕಣ್ಣೇ ಹಳದಿಯಾಯಿತು. ತನ್ನ ಕೈಗೆ ತಾನೇ ಬರೆ ಹಾಕಿಕೊಂಡ. ಹಳದಿ ಇಳಿಯಿತು, ಜೊತೆಗೆ ಮೈಯೂ ಇಳಿಯತೊಡಗಿತು. ಹಟ ಹಿಡಿದು ದಾವಣಗೆರೆಯ ಆಸ್ಪತ್ರೆಯೊಂದಕ್ಕೆ ಎಳೆದುಕೊಂಡು ಹೋದೆ. ಲಿವರ್‌ನಲ್ಲಿ ಕ್ಯಾನ್ಸರ್ ಗಡ್ಡೆ ಇದೆ, ಇನ್ನೂ ಚಿಕ್ಕದು, ಸೂಜಿ ಇಳಿಸಿ ರೇಡಿಯೋ ತರಂಗದ ಕಾವಿನಿಂದ ಸುಡಬಹುದು ಎಂದರು ಡಾಕ್ಟರು.

‘ಸುಡಾದಾ?’ ಎಂದು ಅಣ್ಣ ಕುರ್ಚಿಯಲ್ಲಿ ಮುಂದಕ್ಕೆ ಸರಿದ. ಅವನ ಮುಖದಲ್ಲಿ ಹೆದರಿಕೆಗಿಂತ ಕಸುಬಿನವನ ಕುತೂಹಲವೇ ಹೆಚ್ಚಿತ್ತು. ನನಗೆ ಸಿಟ್ಟು ಬಂತು.

ಸೂಜಿಗಳಲ್ಲೇ ಬೇರೆ ಬೇರೆ ಬಗೆ ಇವೆಯಂತೆ. ಒಂದು ಒಳಗೆ ಹೋಗಿ ಕೊಡೆಯ ಕಡ್ಡಿಗಳಂತೆ ಬಿಚ್ಚಿಕೊಳ್ಳುತ್ತದೆ. ಇನ್ನೊಂದು ನೇರ ಸೂಜಿ, ಅದರೊಳಗೆ ತಣ್ಣೀರು ಓಡಾಡುತ್ತಿರುತ್ತದೆ.

‘ಸುಡೋ ಸೂಜಿಗೆ ತಣ್ಣೀರು ಯಾಕ್ರೀ ಸಾರ್?’

‘ತುದಿಯಲ್ಲಿ ಮಾಂಸ ಕರಿಕಾದ್ರೆ ಕಾವು ಮುಂದಕ್ಕೆ ಹೋಗಲ್ಲ ಯಜಮಾನ್ರೇ. ಗಡ್ಡೆಯ ಅಂಚು ಹಾಗೇ ಉಳಿದುಬಿಡುತ್ತೆ.’

ಅಣ್ಣ ನನ್ನ ಕಡೆ ತಿರುಗಿ, ‘ಕೊಂಬು ಕರಿಕಾದ್ರೂ ಹಂಗೇ ಆಗತೈತೆ,’ ಎಂದ. ಡಾಕ್ಟರಿಗೆ ಯಾವ ಕೊಂಬು ಎಂದು ತಿಳಿಯಲಿಲ್ಲ. ನಾನು ಬಿಡಿಸಿ ಹೇಳಲೂ ಹೋಗಲಿಲ್ಲ.

ತಕರಾರು ಬಂದದ್ದು ದಾರಿಯ ವಿಷಯಕ್ಕೆ. ಸ್ಕ್ಯಾನ್ ಪರದೆ ನೋಡುತ್ತಾ ಹೊರಗಿನಿಂದಲೇ ಚರ್ಮದ ಮೂಲಕ ಸೂಜಿ ಇಳಿಸುವುದು ಹಗುರದ ದಾರಿ. ಆದರೆ ಅಣ್ಣನ ಗಡ್ಡೆ ಲಿವರ್‌ನ ಅಂಚಿನಲ್ಲಿ, ಕರುಳಿಗೆ ತಾಗಿಕೊಂಡಿತ್ತು. ಹಾಗೆ ಸುಟ್ಟರೆ ಕರುಳೂ ಬೆಂದೀತು. ಪೂರ್ತಿ ಅರಿವಳಿಕೆ ಕೊಟ್ಟು, ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾದಲ್ಲಿ ನೋಡುತ್ತಾ ಕರುಳನ್ನು ಸರಿಸಿ ಸುಡುವುದೇ ಸರಿ ಎಂದರು.

‘ಎಚ್ಚರ ಇಲ್ದೋರನ್ನ ಸುಡಾದು ಸುಡುಗಾಡಿನಾಗೆ ಅಷ್ಟೇ. ನಾನು ಒಲ್ಲೆ,’ ಎಂದು ಅಣ್ಣ ಎದ್ದೇಬಿಟ್ಟ.

ಅವನ ಕೈ ಹಿಡಿದು ಕೂರಿಸಿದೆ. ‘ನೀನು ನರ ಸರಿಸದೆ ಯಾರಿಗಾದ್ರೂ ಬರೆ ಹಾಕಿದ್ದೀಯೇನಣ್ಣ?’

ಅಣ್ಣ ತನ್ನ ಹೆಬ್ಬೆರಳನ್ನೇ ನೋಡಿಕೊಂಡ. ‘ಹಂಗಾದ್ರೆ ಸರಿ. ಮಾಡ್ರಿ,’ ಎಂದ. ಆಪರೇಷನ್ ದಿನ ಅವನನ್ನು ಒಳಗೆ ಕರೆದೊಯ್ದ ಮೇಲೆ ನನಗೆ ಅಳು ತಡೆಯಲಾಗಲಿಲ್ಲ.

ಮನೆಗೆ ಕಳಿಸುವ ದಿನ ಡಾಕ್ಟರು ಬಾಗಿಲ ತನಕ ಬಂದರು. ಅಣ್ಣ ತುಟಿ ಬಿಚ್ಚದೆ, ತಿರುಗಿಯೂ ನೋಡದೆ ನಡೆದ. ಪಾಪ, ಅವರಿಗೆ ಬೇಜಾರಾಗಿರಬೇಕು. ಮತ್ತೆ ಸ್ಕ್ಯಾನ್‌ಗೆ ಹೋಗುವ ದಿನ ಇನ್ನೊಂದು ರಾಗ ತೆಗೆದ: ಬಿಟ್ಟು ಬಂದ ರೋಗವನ್ನು ಯಾರಾದರೂ ಹುಡುಕಿಕೊಂಡು ಹೋಗುತ್ತಾರೆಯೇ? ‘ನಿನ್ನ ಹತ್ರ ಬಂದೋರಿಗೆ ಕಣ್ಣಿನ ಬಣ್ಣ ತೋರಿಸಾಕೆ ಬರ್ರಿ ಅಂತಿದ್ದೆಯಲ್ಲ, ಇದೂ ಹಂಗೇ,’ ಎಂದೆ. ಗೊಣಗುತ್ತಾ ಬಸ್ಸು ಹತ್ತಿದ.

ಪರದೆಯ ಮೇಲೆ ಗಡ್ಡೆಯಿದ್ದ ಜಾಗ ಪೂರ್ತಿ ಕಪ್ಪಾಗಿತ್ತು. ಅಂಚು ಎಲ್ಲೂ ಉಳಿದಿರಲಿಲ್ಲ. ‘ಸದ್ಯಕ್ಕೆ ಚೆನ್ನಾಗಿದೆ. ಆದ್ರೆ ಇದು ಬೇರೆ ಕಡೆ ಮತ್ತೆ ಹುಟ್ಟಬಹುದು. ಬಿಡದೆ ಬರ್ತಾ ಇರಬೇಕು,’ ಎಂದರು ಡಾಕ್ಟರು.

ಅಣ್ಣನ ಕಟ್ಟುಪಾಡು ನೆನಪಿಟ್ಟುಕೊಂಡು ನಾನು ಮಾತಿಲ್ಲದೆ ಹೊರಗೆ ಬಂದೆ. ಹಿಂದೆಯೇ ಬರುತ್ತಿದ್ದ ಅವನು ಹೊಸ್ತಿಲಲ್ಲಿ ನಿಂತು, ತಿರುಗಿ ಕೈ ಮುಗಿದ.

‘ಬರ್ತೀನಿ ಸಾರ್.’

ಮೆಟ್ಟಿಲಿಳಿಯುವಾಗ ನಾನು ಕೇಳಿಯೇಬಿಟ್ಟೆ: ‘ಹಂಗನ್ನಬಾರದಲ್ಲಣ್ಣ? ರೋಗ ಬರತೈತೆ ಅಂತಿದ್ದೆ.’

‘ಅದು ಬಂದ್ರೆ ಬರ್ಲಿ,’ ಎಂದ. ‘ನಾನೂ ಬರಬೇಕಲ್ಲ ತಂಗಿ.’