ಅಪ್ಪನ ಹಾಲಿನ ಕೆನೆ

ಎದೆನೋವು ಬಂದ ಮೇಲೆ ಪಿರಿಯಾಪಟ್ಟಣದ ಡಾಕ್ಟರು ಅಪ್ಪನಿಗೆ ಬೆಣ್ಣೆ, ತುಪ್ಪ, ಕೆನೆ ಬಿಡಿಸಿದರು. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಪ್ಪ ಊಟಕ್ಕೆ ಕೂತರೆ ಮೂರು ಸಲ ಎದ್ದು ಹೋಗಿ ತಟ್ಟೆ ನೋಡುತ್ತಿದ್ದೆ. ಮುದ್ದೆಯ ಮೇಲೆ ತುಪ್ಪ ಹೊಳೆದರೆ ಅವ್ವನ ಮೇಲೆ ರೇಗುತ್ತಿದ್ದೆ. ಅವ್ವ ವಾದಕ್ಕಿಳಿಯಲಿಲ್ಲ. ಅಪ್ಪನ ಹಾಲು ಕಾಯಿಸಿ, ಆರಿಸಿ, ದಪ್ಪ ಕೆನೆಯನ್ನು ಬಟ್ಟಲಿಗೆ ತೆಗೆದಿಡುತ್ತಿದ್ದಳು.

“ಅದನ್ನೇನು ಮಾಡ್ತೀಯವ್ವ?” ಎಂದು ಒಮ್ಮೆ ಕೇಳಿದೆ.

“ಕೆನೇನ ಬಚ್ಚಲಿಗೆ ಸುರಿಯಕ್ಕಾಯ್ತದಾ? ನನ್ನ ರೊಟ್ಟಿಗೆ ಆಯ್ತದೆ ಬುಡು,” ಅಂದಳು.

ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಎರಡು ವರ್ಷದ ಮೇಲೆ ಅಪ್ಪನನ್ನು ತೋರಿಸಲು ಹೋದಾಗ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ ಅವ್ವನ ರಕ್ತವನ್ನೂ ಡಾಕ್ಟರು ಪರೀಕ್ಷೆ ಮಾಡಿಸಿದರು. ಅಪ್ಪನ ರಿಪೋರ್ಟು ನೋಡಿ ಪಕ್ಕಕ್ಕಿಟ್ಟರು. ಅವ್ವನದನ್ನು ಕೈಯಲ್ಲೇ ಹಿಡಿದು ನನ್ನನ್ನು ಕೇಳಿದರು:

“ಇವರ ಊಟ ಯಾರು ನೋಡ್ಕೊಳ್ತಾರೆ?”