ಆರನೆಯ ಬಳೆಯ ಮೇಲೆ ಒಂದು ಹೆಬ್ಬೆಟ್ಟು

ಬೆಂಡೆಕಾಯಿಯ ತುದಿ ಮುರಿದು ನೋಡದೆ ಕೊಳ್ಳುವವರನ್ನು ಕಂಡರೆ ನನಗೆ ಒಳಗೊಳಗೇ ಅನುಮಾನ. ದಾಸರಹಳ್ಳಿಯ ತರಕಾರಿಯಾಕೆ "ಎಲ್ಲಾ ಮುರ್ದಾಕ್ಬುಟ್ರೆ ನಾನೇನ್ ಮಾರ್ಲಿ ಅಕ್ಕಾ" ಎಂದು ವಾರಕ್ಕೊಮ್ಮೆ ಗದರುತ್ತಾಳೆ, ನಾನು ವಾರಕ್ಕೊಮ್ಮೆ ಮುರಿಯುತ್ತೇನೆ, ಇಬ್ಬರ ಧರ್ಮವೂ ಕೆಡದೆ ನಡೆದುಕೊಂಡು ಬಂದಿದೆ. ನೀವೂ ನನ್ನ ಪಂಗಡದವರೇ ಇರಬಹುದು: ಅನ್ನದ ಅಗುಳನ್ನು ಹಿಚುಕಿ, ಸೀರೆಯ ಸೆರಗನ್ನು ಎರಡು ಬೆರಳ ನಡುವೆ ತಿಕ್ಕಿ, ಮನೆಯಲ್ಲಿ ಜ್ವರಮಾಪಕವಿದ್ದರೂ ಮಗುವಿನ ಹಣೆ ಮುಟ್ಟಿಯೇ ಜ್ವರವನ್ನು ತೀರ್ಮಾನಿಸುವವರು. ಕಣ್ಣು ಹೇಳಿದ ಮಾತಿಗೆ ಬೆರಳಿನ ರುಜು ಬೀಳುವವರೆಗೂ ನಮಗೆ ಸಮಾಧಾನವಿಲ್ಲ.

ನನ್ನ ಅನ್ನವೂ ಈ ಬೆರಳಿನದೇ. ಪೀಣ್ಯದ ಎರಡನೆಯ ಹಂತದಲ್ಲಿ, ಒಂದು ಕಡೆ ರಬ್ಬರ್ ಸುಟ್ಟ ವಾಸನೆ ಮತ್ತೊಂದು ಕಡೆ ಬಿಸ್ಕತ್ತಿನ ವಾಸನೆ ಬರುವ ಬೀದಿಯ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಇಪ್ಪತ್ತು ವರ್ಷ ತಪಾಸಣೆಯ ಕೆಲಸ ಮಾಡಿದವಳು. ಲೋಹವನ್ನು ಕತ್ತರಿಸಿದಾಗ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳು ಉಳಿದುಬಿಡುತ್ತದೆ, ನಾವದನ್ನು ಬರ್ ಎನ್ನುತ್ತೇವೆ. ಭೂತಗನ್ನಡಿಯಿಂದಲೂ ತಪ್ಪಿಸಿಕೊಳ್ಳುವ ಆ ಮುಳ್ಳು ನನ್ನ ಬಲಗೈ ಹೆಬ್ಬೆರಳಿನಿಂದ ತಪ್ಪಿಸಿಕೊಂಡದ್ದಿಲ್ಲ. ಹೆಬ್ಬೆರಳನ್ನು ಅಂಚಿನ ಉದ್ದಕ್ಕೂ ಮೆಲ್ಲಗೆ ಎಳೆದರೆ ಸಾಕು, ಎಲ್ಲಿ ತಡೆಯಿತು ಎಲ್ಲಿ ಜಾರಿತು ಎಂಬುದು ಮನಸ್ಸಿಗೆ ನೇರವಾಗಿ ಬಂದು ತಲುಪುತ್ತಿತ್ತು. ಇದನ್ನು ಹೇಳುವಾಗ ನನ್ನ ದನಿಯಲ್ಲಿ ಕೊಂಚ ಜಂಬ ಇಣುಕಿದರೆ ಕ್ಷಮಿಸಿ, ಆ ಜಂಬ ಇಳಿದ ಕಥೆಯನ್ನೇ ಹೇಳಲು ಹೊರಟಿದ್ದೇನೆ.

ತುಮಕೂರು ರಸ್ತೆಯಲ್ಲಿ ಮೇಲ್ಸೇತುವೆಗೆ ಕಂಬ ನಿಲ್ಲಿಸುತ್ತಿದ್ದ ವರ್ಷಗಳವು. ಭೂಮಿಯ ಚಿತ್ರ ಹಿಡಿಯುವ ಉಪಗ್ರಹವೊಂದರ ಕ್ಯಾಮೆರಾಕ್ಕೆ ಬೇಕಾದ ಒಂದು ಕೊಳವೆ ಮಾಡುವ ಕೆಲಸ ನಮ್ಮ ಪಾಲಿಗೆ ಬಂತು. ಅದನ್ನು ವಿವರಿಸಲು ಬರುತ್ತಿದ್ದವರು ರೇವತಿ ಎಂಬ ಎಂಜಿನಿಯರ್; ವಯಸ್ಸಿನಲ್ಲಿ ನನ್ನ ಮಗಳಿರಬೇಕು, ತಾಳ್ಮೆಯಲ್ಲಿ ನನ್ನ ಅಜ್ಜಿ. ಈ ಕ್ಯಾಮೆರಾ ನಮ್ಮ ಮದುವೆಮನೆಯ ಕ್ಯಾಮೆರಾದಂತೆ ಟಪ್ಪೆಂದು ಒಂದೇ ಏಟಿಗೆ ಚಿತ್ರ ಹಿಡಿಯುವುದಿಲ್ಲವಂತೆ. ಅದರ ಒಳಗೆ ಬೆಳಕನ್ನು ಅಳೆಯುವ ಸಾವಿರಾರು ಪುಟ್ಟ ಕಣ್ಣುಗಳು ಒಂದೇ ಸಾಲಿನಲ್ಲಿ ಕೂತಿರುತ್ತವೆ. ಉಪಗ್ರಹ ಮುಂದೆ ಸಾಗಿದಂತೆ ಆ ಸಾಲು, ಅಂಗಳದ ಮೇಲೆ ಪೊರಕೆ ಎಳೆದ ಹಾಗೆ, ನೆಲವನ್ನು ಗುಡಿಸಿಕೊಂಡು ಹೋಗುತ್ತದೆ, ಗೆರೆಯ ಪಕ್ಕ ಗೆರೆ ಸೇರಿ ಚಿತ್ರವಾಗುತ್ತದೆ. ಒಂದು ಊರಿನ ಮೇಲೆ ಯಾವ ದಿನ ಹಾಯ್ದರೂ ಬೆಳಗಿನ ಅದೇ ಹೊತ್ತಿಗೆ ಹಾಯುವಂತೆ ಅದರ ದಾರಿಯನ್ನು ಹೊಂದಿಸಿರುತ್ತಾರೆ. ಹೋದ ಸಲದ ಚಿತ್ರದೊಡನೆ ಈ ಸಲದ್ದನ್ನು ಹೋಲಿಸುವಾಗ ಬೆಳಕಿನ ವ್ಯತ್ಯಾಸ ಅಡ್ಡ ಬರಬಾರದಲ್ಲ. ನಮ್ಮ ಬೀದಿಗೆ ಹತ್ತೂವರೆಯ ಚಹಾ ತರುವವನೂ ಅಷ್ಟು ಕರಾರುವಾಕ್ಕಾಗಿರಲಿಲ್ಲ.

ನಮ್ಮ ಕೊಳವೆಯ ಕೆಲಸ ನೋಡುವುದಲ್ಲ, ನೋಡಬಾರದ್ದನ್ನು ತಡೆಯುವುದು. ಕೆಳಗಿನ ನೆಲದಿಂದ ಬರುವ ಬೆಳಕು ಮಾತ್ರ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಕನ್ನಡಿಗೆ ತಲುಪಬೇಕು. ಪಕ್ಕದಿಂದ ನುಸುಳುವ ಬಿಸಿಲು, ಮೋಡದ ಅಂಚಿನಿಂದ ಹಾರಿಬರುವ ಹೊಳಪು, ಇವೆಲ್ಲ ಕೊಳವೆಯೊಳಗೇ ಸಾಯಬೇಕು. ಅದಕ್ಕಾಗಿ ಒಳಮೈಗೆ ಸಾಲಾಗಿ ಚೂರಿಯ ಬಾಯಂಥ ಅಂಚಿನ ಬಳೆಗಳು, ಬಳೆಗಳಿಗೆಲ್ಲ ಇದ್ದಿಲಿಗಿಂತ ಕಪ್ಪಾದ ಲೇಪ. ಆ ಬಳೆಗಳನ್ನು ಕಡೆದವನು ಮುಧೋಳದ ಕಡೆಯ ಈರಪ್ಪ, ಶಿವಪುರದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ನಮ್ಮ ಹಿರಿಯ ಲೇತ್ ಕೆಲಸಗಾರ. ಕಬ್ಬಿನ ಗಾಣಕ್ಕೆ ಬಿಡಿಭಾಗ ಮಾಡುತ್ತಾ ಕೆಲಸ ಕಲಿತವನು ಎರಡು ತಿಂಗಳು ಉಸಿರು ಬಿಗಿಹಿಡಿದು ಒಂದೊಂದೇ ಬಳೆಯನ್ನು ತೆಗೆದ. ಕೊಳವೆ ಬಾಹ್ಯಾಕಾಶ ಕೇಂದ್ರಕ್ಕೆ ಹೊರಟ ದಿನ ಅವನು ಗೇಟಿನವರೆಗೂ ವ್ಯಾನಿನ ಹಿಂದೆ ನಡೆದುಹೋದದ್ದನ್ನು ನೋಡಿ ನಾವೆಲ್ಲ ಮಗಳನ್ನು ಗಂಡನ ಮನೆಗೆ ಕಳಿಸ್ತಿದ್ದೀಯಾ ಎಂದು ರೇಗಿಸಿದೆವು.

ಕೇಂದ್ರದಲ್ಲಿ ಅದನ್ನು ತೊಳೆದು, ಉಳಿದ ಜಿಡ್ಡು, ತೇವ ಆವಿಯಾಗಿ ಹೋಗಲೆಂದು ಗಾಳಿ ತೆಗೆದ ಕೋಣೆಯಲ್ಲಿಟ್ಟು ದಿನಗಟ್ಟಲೆ ಕಾಯಿಸಿ, ಜೋಡಣೆಗೆ ಸಿದ್ಧ ಮಾಡಿದ ಮೇಲೆ ರೇವತಿಯವರಿಗೆ ಆರನೆಯ ಬಳೆಯ ಅಂಚಿನಲ್ಲಿ ಕೂದಲೆಳೆಯಷ್ಟು ಹೊಳಪು ಕಂಡಿತಂತೆ. ಬರ್ ಇರಬಹುದೇ ಎಂದು ನೋಡಲು ನನ್ನನ್ನು ಕರೆಸಿದರು. ತಲೆಗೆ ಟೊಪ್ಪಿ, ಬಾಯಿಗೆ ಬಟ್ಟೆ, ಕಾಲಿಗೆ ಚೀಲ, ಕೈಗೆ ಕೈಗವಸು ತೊಡಿಸಿ, ಮೈಮೇಲಿನ ಧೂಳು ಹಾರಿಹೋಗುವಂತೆ ಗಾಳಿಯ ಸ್ನಾನ ಮಾಡಿಸಿ ಒಳಗೆ ಬಿಟ್ಟರು. ಭೂತಗನ್ನಡಿಯಲ್ಲಿ ನೋಡಿದೆ, ದೀಪ ತಿರುಗಿಸಿ ನೋಡಿದೆ. ಹೊಳಪು ಇದ್ದೂ ಇಲ್ಲದಂತಿತ್ತು. ರೇವತಿ ಆ ಕಡೆ ತಿರುಗಿ ಏನೋ ಬರೆದುಕೊಳ್ಳುತ್ತಿದ್ದರು. ಆಮೇಲೆ ನಾನು "ಏನಿಲ್ಲ ಕಣಮ್ಮ, ಲೇಪ ಒಂದು ಕಡೆ ಚೂರು ನುಣುಪಾಗಿದೆ ಅಷ್ಟೆ, ಬರ್ ಇಲ್ಲ" ಎಂದೆ. ಅವರು ನಿಟ್ಟುಸಿರುಬಿಟ್ಟು ಚಹಾ ಕುಡಿಸಿ ಕಳಿಸಿದರು. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು, ಜಗತ್ತು ಸುಂದರವಾಗಿತ್ತು.

ಮರುದಿನ ಬೆಳಿಗ್ಗೆ ಈರಪ್ಪ ಲೇತಿಗೆ ಎಣ್ಣೆ ಬಿಡುತ್ತಾ ಕೇಳಿದ, "ಬರ್ ಇಲ್ಲಂತ ಹ್ಯಾಂಗ್ ಗೊತ್ತಾತ್ರೀ ಮೇಡಂ? ಕೈಲೆ ನೋಡಿದ್ರೇನ್ರಿ?"

"ಇನ್ನೇನು, ಕೈಯಲ್ಲೇ ನೋಡ್ದೆ" ಎಂದೆ. ಎಂದವಳು ಹಾಗೇ ನಿಂತೆ.

ಕೈಗವಸಿನೊಳಗಿಂದ ಬರ್ ತಿಳಿಯುವುದಿಲ್ಲ. ತಿಳಿದಿದೆ ಎಂದರೆ ಕೈಗವಸು ತೆಗೆದಿದ್ದೇನೆ ಎಂದೇ ಅರ್ಥ. ನೆನಪು ಆಗ ಒಂದೊಂದೇ ಹೆಜ್ಜೆಯಾಗಿ ಬಂತು: ಬಲಗೈಯ ಕೈಗವಸನ್ನು ಎಳೆದದ್ದು, ಆರನೆಯ ಬಳೆಯ ಮೇಲಂಚಿನಲ್ಲಿ ಹೆಬ್ಬೆರಳನ್ನು ಸರಿಸಿ ಒಂದು ಕಡೆ ಒತ್ತಿದ್ದು, ಮತ್ತೆ ತೊಟ್ಟದ್ದು. ಕದ್ದು ಮಾಡಿದ್ದಲ್ಲ, ಯೋಚಿಸಿ ಮಾಡಿದ್ದೂ ಅಲ್ಲ. ಇಪ್ಪತ್ತು ವರ್ಷದ ಅಭ್ಯಾಸ ನನ್ನನ್ನು ಕೇಳದೆಯೇ ತನ್ನ ಕೆಲಸ ಮಾಡಿ ಮುಗಿಸಿತ್ತು. ಬೆರಳಿನ ಜಿಡ್ಡು ಏನು ಮಾಡುತ್ತದೆಂದು ರೇವತಿ ಎಷ್ಟು ಸಲ ಹೇಳಿದ್ದರು! ಗಾಳಿಯಿಲ್ಲದ ಆ ಎತ್ತರದಲ್ಲಿ ಕಾವು ತಾಗಿದಾಗಲೆಲ್ಲ ಅದು ನಿಧಾನವಾಗಿ ಆವಿಯಾಗಿ, ತಣ್ಣಗಿರುವ ಕನ್ನಡಿಯ ಮೇಲೆ ಹೋಗಿ ಕೂರುತ್ತದೆ, ಕೂತರೆ ಏಳುವುದಿಲ್ಲ. ಕಾಯಿಸುವ ಶಾಸ್ತ್ರವೆಲ್ಲ ಮುಗಿದ ಮೇಲೆ, ಜೋಡಣೆಗೆ ನಾಲ್ಕು ದಿನ ಇದೆ ಎನ್ನುವಾಗ, ದೇಶದ ಕಣ್ಣಿಗೆ ನಾನು ನನ್ನ ಹೆಬ್ಬೆಟ್ಟು ಒತ್ತಿ ಬಂದಿದ್ದೆ.

ನಾಚಿಕೆಗೇಡಿನ ಮಾತನ್ನೂ ಹೇಳಿಬಿಡುತ್ತೇನೆ. ಸುಮ್ಮನಿದ್ದರೆ ಯಾರಿಗೆ ತಿಳಿಯುತ್ತದೆ ಎಂದು ನನಗೆ ಅನ್ನಿಸಿತು, ಒಂದು ಸಲವಲ್ಲ, ಊಟದ ಹೊತ್ತಿನವರೆಗೂ ಅನ್ನಿಸುತ್ತಲೇ ಇತ್ತು. ಹೇಳಿದರೆ ಕೊಳವೆಯನ್ನೇ ಬೇಡವೆಂದಾರು, ಈರಪ್ಪನ ಎರಡು ತಿಂಗಳು ನೀರಿನಲ್ಲಿ ಹೋಮವಾದೀತು, ನನ್ನ ತಪಾಸಣೆಯ ಮಾತಿಗೆ ಇನ್ನು ಯಾರೂ ಬೆಲೆ ಕೊಡಲಾರರು. ಕೊನೆಗೆ ಬುತ್ತಿ ಬಿಚ್ಚಿ ಕೂತಾಗ, ಯಾರ ಬಳೆಗಳೋ ಅವನಿಗೇ ಮೊದಲು ಹೇಳಿದೆ. ಈರಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನ ಹೆಬ್ಬೆರಳನ್ನೇ ನೋಡಿದ.

"ಹೇಳಿಬಿಡ್ರಿ ಮೇಡಂ" ಎಂದ. "ಇಲ್ಲಿದ್ರ ನಾವು ಒರಸ್ತೀವಿ. ಮ್ಯಾಲ ಹೋದ್ಮ್ಯಾಲ ಯಾರ್ ಒರಸ್ತಾರ್ರೀ ಅದನ್ನ?"

ರೇವತಿಗೆ ಫೋನು ಮಾಡಿ, ಹೆಸರು ಊರು ಏನೂ ಹೇಳದೆ, "ನಾನು ಬರಿಗೈಲಿ ಮುಟ್ಟಿಬಿಟ್ಟೆ ಕಣಮ್ಮ" ಎಂದೆ. ಆ ಕಡೆ ಪೆನ್ನಿನ ಮುಚ್ಚಳ ತೆಗೆದ ಸದ್ದಾಯಿತು. ಆಮೇಲೆ "ಎಲ್ಲಿ ಮೇಡಂ? ಎಕ್ಸಾಕ್ಟ್ ಆಗಿ ಎಲ್ಲಿ ಅಂತ ನೆನಪಿದ್ಯಾ?" ಎಂದು ಕೇಳಿದರು. ನೆನಪಿಲ್ಲದೆ ಏನು! "ಈಗ್ಲೇ ಬನ್ನಿ" ಎಂದರು. ಬಸ್ಸಿಗೆ ಕಾಯುವ ಧೈರ್ಯವಿಲ್ಲದೆ ಆಟೋ ಹತ್ತಿದೆ. ಜಾಲಹಳ್ಳಿ ಕ್ರಾಸಿನ ಸಿಗ್ನಲ್ಲಿನಲ್ಲಿ ನಾನು ದೇವರಿಗೆ ಹೇಳಿಕೊಂಡ ಹರಕೆಗಳನ್ನೆಲ್ಲ ತೀರಿಸಲು ಈ ಜನ್ಮ ಸಾಲದು.

ಮತ್ತದೇ ಟೊಪ್ಪಿ, ಅದೇ ಗಾಳಿಯ ಸ್ನಾನ. ರೇವತಿ ಕೋಣೆಯ ದೀಪ ಆರಿಸಿ ನೇರಳೆ ಬೆಳಕಿನ ಸಣ್ಣ ಟಾರ್ಚನ್ನು ಆರನೆಯ ಬಳೆಗೆ ಹಿಡಿದರು. ಆ ಕಡುಗಪ್ಪಿನ ನಡುವೆ ಮಸುಕಾಗಿ ನನ್ನ ಹೆಬ್ಬೆಟ್ಟು ಕಂಡಿತು, ಅರ್ಧಚಂದ್ರದ ಹಾಗೆ, ಗೆರೆಗಳ ಸಮೇತ. ನನ್ನದೇ ಗುರುತನ್ನು ಕಂಡು ಅಷ್ಟು ಹೆದರಿದ್ದು ಅದೇ ಮೊದಲು. ಅವರು ದ್ರಾವಣದಲ್ಲಿ ಅದ್ದಿದ ಬಟ್ಟೆಯಿಂದ ಒತ್ತಿ ತೆಗೆದರು, ನೋಡಿದರು, ಮತ್ತೆ ಒತ್ತಿದರು. ಮೂರನೆಯ ಸಲಕ್ಕೆ ಅಲ್ಲಿ ಕಪ್ಪು ಬಿಟ್ಟರೆ ಏನೂ ಇರಲಿಲ್ಲ. "ಲೇಪಕ್ಕೇನೂ ಆಗಿಲ್ಲ. ಇನ್ನೆರಡು ದಿನ ಕಾಯಿಸ್ತೀವಿ ಅಷ್ಟೆ. ಜೋಡಿಸಿದ್ಮೇಲೆ ಹೇಳಿದ್ರೆ ನಾನು ಅತ್ಬಿಡ್ತಿದ್ದೆ" ಎಂದರು.

ಆಮೇಲೆ ಒಂದು ಹಾಳೆ ಕೊಟ್ಟು ತುಂಬಿಸಿ ಎಂದರು. ಅಪರಾಧದ ಹೇಳಿಕೆಯೆಂದುಕೊಂಡು ನೋಡುತ್ತೇನೆ, ಅದರಲ್ಲಿ ಮೊದಲೇ ಅಚ್ಚಾಗಿದ್ದ ಸಾಲುಗಳ ನಡುವೆ ಒಂದು ಸಾಲು: ಬರಿಗೈ ತಾಗಿದ ಜಾಗ, ತಾಗಿದ ಸಮಯ. ಆ ಸಾಲನ್ನು ನಾನು ಎಷ್ಟು ಹೊತ್ತು ನೋಡಿದೆನೋ. ನನಗಿಂತ ಮುಂಚೆ ಯಾರೋ ಮುಟ್ಟಿದ್ದಾರೆ, ಬಂದು ಹೇಳಿದ್ದಾರೆ, ಹೇಳುವವರು ಮುಂದೆಯೂ ಬರುತ್ತಾರೆಂದು ನಂಬಿ ಯಾರೋ ಒಬ್ಬರು ಈ ಹಾಳೆಯಲ್ಲಿ ಅವರಿಗೊಂದು ಜಾಗ ಮಾಡಿಟ್ಟಿದ್ದಾರೆ. ಕನ್ನಡಿ, ಕೊಳವೆ, ಪುಟ್ಟ ಕಣ್ಣುಗಳ ಸಾಲು ಎಂದು ಉಪಗ್ರಹದ ವಿನ್ಯಾಸವನ್ನು ಅಷ್ಟು ದಿನ ಕೇಳಿಸಿಕೊಂಡಿದ್ದವಳಿಗೆ ಮನುಷ್ಯರ ಕೈ ಜಾರುವುದಕ್ಕೂ ಆ ವಿನ್ಯಾಸದಲ್ಲಿ ಒಂದು ಗೆರೆ ಮೀಸಲಿದೆಯೆಂದು ಗೊತ್ತಿರಲಿಲ್ಲ. ಎದೆಯ ಮೇಲಿನ ಕಲ್ಲು ಇಳಿಯಿತು ಎನ್ನುತ್ತೇವಲ್ಲ, ಆ ದಿನ ನನ್ನದು ನಿಜಕ್ಕೂ ಇಳಿಯಿತು.

ಉಪಗ್ರಹ ಮೇಲೆ ಹೋಗುವ ಹೊತ್ತಿಗೆ ಮತ್ತೊಂದು ಮಳೆಗಾಲ ಕಳೆದಿತ್ತು. ರೇವತಿ ಒಂದು ದಿನ ಉದ್ದನೆಯ ಸುರುಳಿ ಹಿಡಿದು ನಮ್ಮ ಕಾರ್ಖಾನೆಗೇ ಬಂದರು. ತಪಾಸಣೆಯ ಮೇಜಿನ ಮೇಲೆ ಬಿಡಿಸಿದರೆ ನಮ್ಮ ಬೆಂಗಳೂರು, ಬಣ್ಣ ಮಾತ್ರ ಬೇರೆ. ಕಣ್ಣಿಗೆ ಕಾಣದ ಅವಗೆಂಪು ಬೆಳಕಿಗೆ ಚಿತ್ರದಲ್ಲಿ ಕೆಂಪು ಕೊಡುತ್ತಾರಂತೆ. ಹಸಿರು ಎಲೆಗಳು ಆ ಬೆಳಕನ್ನು ಧಾರಾಳವಾಗಿ ಹಿಂದಕ್ಕೆ ಎರಚುವುದರಿಂದ ತೋಟಗಳೆಲ್ಲ ಕೆಂಪು, ನೀರು ಅದನ್ನು ನುಂಗಿಬಿಡುವುದರಿಂದ ನೀರೆಲ್ಲ ಕಪ್ಪು. ಕನ್ನಡಿಯ ಮೇಲೆ ಏನಾದರೂ ಕೂತಿದ್ದರೆ ಆ ಕಪ್ಪು ಕಪ್ಪಾಗಿ ಉಳಿಯುವುದಿಲ್ಲ ಎಂದೂ ಹೇಳಿದರು. ಎಲ್ಲರೂ ನಮ್ಮ ಛಾವಣಿ ಹುಡುಕುತ್ತಿದ್ದರೆ ನಾನು ಆ ಕಪ್ಪನ್ನು ನೋಡಲೆಂದು ತಂಗಿಯ ಮನೆಯ ಹತ್ತಿರದ ಬೆಳ್ಳಂದೂರು ಕೆರೆಯನ್ನು ಹುಡುಕಿದೆ. ಕೆರೆ ಅರ್ಧಕ್ಕರ್ಧ ಕೆಂಪಗಿತ್ತು.

ನನ್ನ ಮುಖ ನೋಡಿ ರೇವತಿಗೆ ಅರ್ಥವಾಯಿತು. "ಅಯ್ಯೋ, ಅದು ಕ್ಯಾಮೆರಾ ಅಲ್ಲ ಮೇಡಂ, ಕೆರೆ ತುಂಬಾ ಕಳೆ ಬೆಳ್ದಿದೆ, ಎಲೆ ಕಾಣ್ತಿರೋದು!" ಎಂದರು. ನಾನು ನಕ್ಕೆ, ನಗಬಾರದಿತ್ತು. ಕೊಳವೆಯ ಮೇಲಿನ ಒಂದು ಹೆಬ್ಬೆಟ್ಟಿಗೆ ಅಷ್ಟು ಕಂಗಾಲಾದವರು ನಾವು; ಊರಿನ ಕೊಳೆಯೆಲ್ಲ ಹರಿದು ಕಳೆಯಾಗಿ ಬೆಳೆದ ಆ ಕೆರೆಯ ವಿಷಯಕ್ಕೆ ನಮ್ಮಲ್ಲಿ ಯಾರೂ ಫೋನು ಮಾಡಿ ನನ್ನಿಂದ ಹೀಗಾಯಿತು ಎಂದದ್ದನ್ನು ನಾನು ಕೇಳಿಲ್ಲ, ನಾನೂ ಹೇಳಿಲ್ಲ. ಆ ಮಾತು ಈಗಲೂ ಚುಚ್ಚುತ್ತದೆ.

ರೇವತಿ ನನ್ನ ಕೈ ಹಿಡಿದು ಚಿತ್ರದಲ್ಲೇ ಪಶ್ಚಿಮಕ್ಕೆ, ತಿಪ್ಪಗೊಂಡನಹಳ್ಳಿ ಜಲಾಶಯದ ಮೇಲೆ ಒಯ್ದು ನಿಲ್ಲಿಸಿದರು. ಅಲ್ಲಿ ನೀರು ಆಗಷ್ಟೇ ತೀಡಿದ ಕಾಡಿಗೆಯ ಹಾಗಿತ್ತು. ಬೂದಿಯ ಛಾಯೆಯಿಲ್ಲ, ಮಬ್ಬಿಲ್ಲ, ದಡದ ಗೆರೆ ಕತ್ತರಿಸಿಟ್ಟಂತೆ ಇತ್ತು. ನನಗೆ ಅಳು ಬಂತು, ತಡೆಯಲಿಲ್ಲ. ಈರಪ್ಪ ಪಕ್ಕದಲ್ಲಿ ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡುತ್ತಿದ್ದ. ಕೈ ಮುಂದೆ ತಂದರೆ ಎಲ್ಲಿ ಏನಾಗುತ್ತದೋ ಎಂಬ ಭಯ ಅವನಿಗೂ ಅಂಟಿತ್ತು.

"ಮುಟ್ಟಿ ನೋಡಿ ಮೇಡಂ, ಪರವಾಗಿಲ್ಲ" ಎಂದರು ರೇವತಿ. "ಇದನ್ನ ಮುಟ್ಬಹುದು."

ಸೀರೆಗೆ ಕೈ ಒರೆಸಿಕೊಂಡು, ನಾನು ನನ್ನ ಹೆಬ್ಬೆರಳನ್ನು ಆ ಕಪ್ಪು ನೀರಿನ ಮೇಲೆ ಇಟ್ಟೆ.