ಮೃದಂಗದ ಎಡಗೈ ಪೆಟ್ಟು

ಯಡಿಯೂರಿನ ಬಾಡಿಗೆ ಮನೆಯಲ್ಲಿ ನಾನು ಮೊದಲ ಸಲ ಸ್ಪೀಕರ್ ಮಾಡಿದ್ದು ತೊಂಬತ್ತಾರರಲ್ಲಿ. ಅಪ್ಪ ರೇಡಿಯೋದಲ್ಲಿ ಸಂಗೀತ ಕಚೇರಿ ಕೇಳಲೆಂದು ಪ್ಲೈವುಡ್ಡಿನ ಎರಡು ಪೆಟ್ಟಿಗೆ ಕಟ್ಟಿ, ಒಳಗೆ ಹಳೆಯ ಹಾಸಿಗೆಯ ಹತ್ತಿ ತುಂಬಿದೆ. ನನ್ನ ಡೈರಿಯ ಪ್ರಕಾರ ನಲವತ್ತೊಂದು ದಿನ ಹಿಡಿಯಿತು.

ಮೊದಲ ಭಾನುವಾರವೇ ಅಪ್ಪ, "ಹಾಡೇನೋ ಚೆನ್ನಾಗಿದೆ ಕಣೋ. ಮೃದಂಗದ ಎಡಗೈ ಪೆಟ್ಟು ಎಲ್ಲೋಯ್ತು?" ಎಂದರು.

"ಪುಸ್ತಕ ನೋಡ್ಕೊಂಡೇ ಮಾಡಿರೋದಪ್ಪ. ನಿಮ್ಮ ಕಿವಿ ಒಂದ್ಸಲ ಡಾಕ್ಟರಿಗೆ ತೋರಿಸಿ," ಎಂದೆ.

"ನಿನ್ನ ಪುಸ್ತಕಕ್ಕೆ ಕಿವಿ ಇದ್ಯಾ?" ಎಂದು ನಕ್ಕರು.

ಆಮೇಲೆ ಪ್ರತಿ ವಾರ ನಾನೇ ವಿಚಾರಿಸಿ, "ಅಪ್ಪನಿಗೆ ಇವತ್ತೂ ಕೇಳಿಸಲಿಲ್ಲ" ಎಂದು ಡೈರಿಯಲ್ಲಿ ದಿನಾಂಕ ಹಾಕಿ ಬರೆದೆ. ಹನ್ನೊಂದು ಭಾನುವಾರ ಬರೆದೆ. ಕೊನೆಗೆ ಅವರು, "ಕಿವಿನೇ ಹೋಗಿರ್ಬೇಕು ಬಿಡು," ಎಂದು ಒಪ್ಪಿಕೊಂಡು ಕಚೇರಿ ಕೇಳುವುದನ್ನೇ ನಿಲ್ಲಿಸಿದರು.

ಅವರು ತೀರಿಕೊಂಡ ಮರುವರ್ಷ, ಮನೆ ಖಾಲಿ ಮಾಡಿದ ಭಾನುವಾರ, ವೈರು ಬಿಚ್ಚುವಾಗ ನೋಡಿದೆ. ಒಂದು ಪೆಟ್ಟಿಗೆಯ ಹಿಂದೆ ಕೆಂಪು ವೈರು ಕಪ್ಪಿನ ಜಾಗದಲ್ಲಿತ್ತು. ಹಾಗಾದಾಗ ಒಂದು ಸ್ಪೀಕರಿನ ದಪ್ಪ ದನಿಯನ್ನು ಇನ್ನೊಂದು ನುಂಗಿಬಿಡುತ್ತದೆ. ವೈರು ಅದಲುಬದಲು ಮಾಡಿ ರೇಡಿಯೋ ಹಾಕಿದೆ. ಕಚೇರಿ ಬರುತ್ತಿತ್ತು. ಎಡಗೈ ಪೆಟ್ಟು ನೆಲದಿಂದ ಎದ್ದು ಬಂದಂತೆ ಕೇಳಿಸಿತು.

ಅಪ್ಪನ ಕುರ್ಚಿಯನ್ನು ಆಗಲೇ ಲಾರಿಗೆ ಹಾಕಿಯಾಗಿತ್ತು.